ಅಂಬುಬಾಯಿಯವರ ಅಂಜಿಕೆಗೆ ಅಂಕ

ಶಿರಹಟ್ಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಂಬುಬಾಯಿ ಹನ್ನೊಂದು ವರ್ಷ ಕಲಿಸಿದ್ದರು. ಆ ಊರಿದ್ದ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ಮರುವರ್ಷ ಹೊಸ ಇನ್ಸ್‌ಪೆಕ್ಟರರು ತರಗತಿಗೆ ಬಂದಾಗ ಅಂಬುಬಾಯಿಯವರ ನಾಲಿಗೆ ಒಣಗಿತು, ಎದೆ ಧಡಧಡ ಹೊಡೆದುಕೊಂಡಿತು. ಅಂದಿನಿಂದ ಮನೆಯ ಹೊಸ್ತಿಲು ದಾಟುವುದೇ ಆಗಲಿಲ್ಲ. ರಜೆ ಹಾಕಿಸಿ ಅಣ್ಣ ಮಾರ್ತಾಂಡರು ಗದಗಿನ ತಮ್ಮ ಮನೆಗೆ ಕರೆತಂದರು. ಪ್ರತಿ ಸೋಮವಾರ ಟಾಂಗಾದಲ್ಲಿ ಬೆಟಗೇರಿಯ ರಾಮಚಂದ್ರನ ಹತ್ತಿರ ಕರೆದೊಯ್ದರು.

ಈ ರಾಮಚಂದ್ರ ಪುಣೆಯಲ್ಲಿ ಎಂಟು ತಿಂಗಳು ಮನಶ್ಶಾಸ್ತ್ರ ಓದಿ ಬಂದವನು. ಎಂಟೇ ತಿಂಗಳಲ್ಲಿ ಮನಸ್ಸನ್ನೆಲ್ಲ ಓದಿ ಮುಗಿಸಿದವನಿಗೆ ಎದುರಿಗೆ ಕೂತವರ ಮುಖ ಓದುವ ಗರಜು ಬೀಳಲಿಲ್ಲ.

"ಹತ್ತರಾಗ ಅಂಜಿಕಿ ಎಷ್ಟು?" ಎಂದು ಕೇಳಿದ.

"ಒಂಬತ್ತು."

ಮುಂದಿನ ವಾರವೂ ಒಂಬತ್ತೇ. ಅವನು ಮುಖ ಗಂಟು ಹಾಕಿದ. "ಹಿಂಗಾದ್ರ ಹೆಂಗರಿ ಬಾಯಾರ? ನೀವು ಮನಸ್ಸಽ ಮಾಡವಲ್ರಿ."

ಮೂರನೆಯ ವಾರ ಅಂಬುಬಾಯಿ "ಏಳು" ಎಂದರು, ಚಹಾ ಬಂತು. ಆಮೇಲೆ ಐದು, ಮೂರು, ಎರಡು. ಮಾಸ್ತರರು ಮೆಚ್ಚುವ ಉತ್ತರ ಹೇಳುವ ಹುಡುಗಿಯರನ್ನು ಅವರು ಎಷ್ಟು ಕಂಡಿರಲಿಲ್ಲ! ರಾಮಚಂದ್ರ ಚೌಕಳಿ ಕಾಗದದ ಮೇಲೆ ಕೆಂಪು ಗೆರೆ ಇಳಿಸಿ ಗೋಡೆಗೆ ತೂಗುಹಾಕಿದ. ಗೆರೆ ಇಳಿದಷ್ಟೂ ಅವನ ಕತ್ತು ಏರಿತು.

ಮಾರ್ತಾಂಡರ ಮನೆಗೆ ಹಾಲು ಹಾಕುತ್ತಿದ್ದ ಹುಲಕೋಟಿಯ ಹುಚ್ಚವ್ವ ಇದನ್ನು ಕೇಳಿ ನಕ್ಕಳು.

"ಗೆರಿ ಇಳದೈತಂತ, ಖರೆ. ನೀವು ಟಾಂಗಾ ಇಲ್ಲದ ಕಟ್ಟಿ ಇಳದೀರೇನ್ರಿ?"

ಅಂದೇ ಕೈಹಿಡಿದು ಕಟ್ಟೆ ಇಳಿಸಿದಳು. ದಿನಾ ಮುಂಜಾನೆ ಇಬ್ಬರೂ ನಡೆದರು: ಬಾವಿಯವರೆಗೆ, ಬೇವಿನ ಗಿಡದವರೆಗೆ, ಓಣಿಯ ತುದಿಯವರೆಗೆ, ಆಮೇಲೆ ಬೆಟಗೇರಿಯ ರಸ್ತೆಯವರೆಗೆ. ಅರ್ಧಕ್ಕೇ ಅಳುತ್ತ ಮರಳಿದ ದಿನಗಳೂ ಇದ್ದವು.

"ನಿನ್ನಿ ಇಲ್ಲಿ ಕುಂತು ಅತ್ರಿ. ಇವತ್ತ ನಿಂತು ನನಗ ಬೈದ್ರಿ. ಸುಧಾರಿಸೀರಿ ಬಿಡ್ರಿ," ಎಂದಳು ಹುಚ್ಚವ್ವ.

ಎರಡು ತಿಂಗಳ ಮೇಲೆ ರಾಮಚಂದ್ರ ಊರಿನ ನಾಲ್ಕು ಜನ ದೊಡ್ಡವರನ್ನು ಕರೆಸಿ, ಅವರೆದುರು ಕೇಳಿದ: "ಹೇಳ್ರಿ ಬಾಯಾರ, ಇವತ್ತೆಷ್ಟು?"

"ಆರು."

"ಹೋದ ವಾರ ಎರಡು ಅಂದಿದ್ರಿ!"

"ಅದು ಸುಳ್ಳರಿ, ನಿಮಗ ಬ್ಯಾಸರ ಆಗಬಾರದಂತ ಹೇಳಿದ್ದೆ. ಆರು ಖರೆ. ಆದ್ರ ಇವತ್ತ ಮನಿಯಿಂದ ಒಬ್ಬಾಕಿನೇ ನಡದು ಬಂದೀನಿ."

ಹೇಗೆ ಬಂದಿರಿ ಎಂದು ಆ ಪಂಡಿತ ಕೇಳಲಿಲ್ಲ. 'ರೋಗಿ ಸಹಕರಿಸಲಿಲ್ಲ' ಎಂದು ಬರೆದುಕೊಂಡ. ಅಂಬುಬಾಯಿ ಚಪ್ಪಲಿ ಮೆಟ್ಟಿ ಹೊರಬಿದ್ದರು, ಮತ್ತೆ ಹೋಗಲಿಲ್ಲ.

ಜೂನಿನಲ್ಲಿ ಶಾಲೆಗೆ ಮರಳಿದರು. ಇನ್ಸ್‌ಪೆಕ್ಟರರು ಬಂದಾಗ ಮೇಜು ಹಿಡಿದು ನಿಂತು ಪಾಠ ಮುಗಿಸಿದರು. ನಾಡು ಒಂದಾದ ವರ್ಷ ಮುಂಡರಗಿಗೆ ಮುಖ್ಯೋಪಾಧ್ಯಾಯಿನಿಯಾಗಿ ಒಬ್ಬರೇ ಬಸ್ಸು ಹತ್ತಿ ಹೋದರು. ಏಕೀಕರಣದ ಸಭೆಯಲ್ಲಿ ಮಾತಾಡುವಾಗ ಅವರ ಧ್ವನಿ ಎರಡು ಸಲ ನಡುಗಿತು. ನೀರು ಕುಡಿದು, ಬರೆದು ತಂದಿದ್ದನ್ನೆಲ್ಲ ಓದಿ ಕೆಳಗಿಳಿದರು.