ಶಾಂತಿಗೆ ಒಂದು ಎಚ್ ಹೆಚ್ಚು

ನಾಲಗೆಗೆ ಅಕ್ಷರವನ್ನಿತ್ತ ಶಾರದೆಗೆ, ಎಪ್ಪತ್ತೆಂಟರ ಪ್ರಾಯದಲ್ಲೂ ನನ್ನ ಹಟವನ್ನು ಸವೆಯಗೊಡದ ಗಣಪತಿಗೆ, ಕೆಳಮನೆಯ ಕಪಾಟಿನ ಮೇಲೆ ಹಸಿರು ಕಣ್ಣು ಮಿಟುಕಿಸುತ್ತ ಕುಳಿತಿರುವ ಪುಟ್ಟ ವೈಫೈ ಪೆಟ್ಟಿಗೆಗೆ ಮೊದಲ ನಮಸ್ಕಾರ.

ನೀವೂ ಗಮನಿಸಿರಬಹುದು: ತುಕ್ಕು ಹಿಡಿದ ಬೀಗವೂ ಕೀಲಿಕೈಯನ್ನು ತುಸು ಅಲುಗಾಡಿಸಿದರೆ ಕರುಣೆ ತೋರುತ್ತದೆ. ಪಾಸ್‌ವರ್ಡಿಗೆ ಅಂಥ ದಾಕ್ಷಿಣ್ಯವಿಲ್ಲ. ಒಂದಕ್ಷರ ವ್ಯತ್ಯಾಸವಾದರೂ ಅದು ಪಂಡಿತನನ್ನೂ ಪಾಮರನನ್ನೂ ಸಮದೃಷ್ಟಿಯಿಂದ ಹೊರಗೆ ನಿಲ್ಲಿಸುತ್ತದೆ.

ಕಾವೂರಿನ ಕೆರೆಯ ದಂಡೆಯಲ್ಲಿ ಮೂವತ್ತು ವರ್ಷ ನನ್ನ ಜೊತೆ ನಡೆದು, ಪ್ರತಿಯೊಂದು ಪದದ ಅರ್ಥಕ್ಕೂ ಜಗಳವಾಡಿದವರು ನಿವೃತ್ತ ಚಿತ್ರಕಲಾ ಶಿಕ್ಷಕ ಸಂಜೀವ ಶೆಟ್ಟರು. ಈಚೆಗೆ ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಧ್ವನಿ ಹೋಯಿತು. ಮಾತಿಲ್ಲದ ತಮ್ಮನ್ನು ಯಾರೂ ನೋಡಕೂಡದೆಂದು ಅವರು ಬಾಗಿಲು ಮುಚ್ಚಿಸಿಕೊಂಡರು. ಎರಡು ಬಾರಿ ಹೋದ ನಾನು ಎರಡು ಬಾರಿಯೂ ಹೊರಗಿನ ಬೆಂಚಿನಿಂದಲೇ ಮರಳಿದೆ. ಫೋನಿಗೆ ಬಂದ ಸಂದೇಶಗಳನ್ನು ಮಾತ್ರ ಓದುತ್ತಾರಂತೆ.

"ಮಾವ, ನೀವು ಹೇಳಿ, ನಾನು ಟೈಪ್ ಮಾಡಿ ಕಳಿಸ್ತೇನೆ. ಈ ಪ್ರಾಯದಲ್ಲಿ ನಿಮಗೆ ಎಂತಕ್ಕೆ ಆ ಮೆಸೇಜಿನ ಆ್ಯಪ್ ಎಲ್ಲ?" ಎಂದಳು ಸೊಸೆ. ಸದುದ್ದೇಶದ ಮಾತೇ, ಆದರೆ ಆಸ್ತಿಯ ಜಗಳವನ್ನು ವಕೀಲರ ಮೂಲಕ ಆಡಬಹುದು, ಸ್ನೇಹದ ಜಗಳವನ್ನು ಆಡಲಾಗದು. ಅವಳು ಶಾಲೆಗೆ ಹೊರಟದ್ದೇ ತಡ, ನಾನು ಫೋನು ಹಿಡಿದು ಕೆಳಮನೆಗೆ ಇಳಿದೆ.

ಅಲ್ಲಿರುವವರು ನಿವೃತ್ತ ನರ್ಸ್ ಲಿಲ್ಲಿ ಬಾಯಿ. ಅವರ ಮನೆಯ ಇಂಟರ್ನೆಟ್ಟೇ ನಮ್ಮ ಮೇಲ್ಮನೆಗೂ ಆಧಾರ.

"ಪಾಸ್‌ವರ್ಡ್ ಶಾಂತಿ, ಮತ್ತೆ ಒಂದು ಎರಡು ಮೂರು. ಇಂಗ್ಲಿಷ್, ಸಣ್ಣ ಅಕ್ಷರ," ಎಂದರು.

ದೀರ್ಘಕ್ಕೆ ಎರಡು 'ಎ' ಕೊಟ್ಟು ಶಾಸ್ತ್ರೋಕ್ತವಾಗಿ ಬರೆದೆ. ಒಪ್ಪಲಿಲ್ಲ. ಮನಸ್ಸು ಕಲ್ಲು ಮಾಡಿಕೊಂಡು ಒಂದು 'ಎ' ತೆಗೆದೆ. ಆಗಲೂ ಇಲ್ಲ.

ಲಿಲ್ಲಿ ಬಾಯಿ ಇಣುಕಿ ನೋಡಿದರು. "ಅಯ್ಯೋ ದೇವಾ! 'ಟಿ' ಆದ ಮೇಲೆ 'ಎಚ್' ಉಂಟಲ್ಲ ಮಾಸ್ಟ್ರೇ!"

"ಬಾಯಮ್ಮ, ಎಚ್ ಸೇರಿದರೆ ಅದು ಥಕಾರ, ಮಹಾಪ್ರಾಣ. ಶಾಂತಿಗೆ ಮಹಾಪ್ರಾಣ ಎಲ್ಲಿಂದ ಬಂತು? ದಯವಿಟ್ಟು ಪಾಸ್‌ವರ್ಡನ್ನು ತಿದ್ದಿ."

"ತಿದ್ದಿದ್ರೆ ನನ್ನ ಟಿವಿ, ನಿಮ್ಮ ಸೊಸೆಯ ಫೋನು ಎಲ್ಲ ಬಂದ್ ಆಗ್ತದೆ. ನಿಮಗೆ ಈಗ ಎಂತ ಬೇಕು ಮಾರಾಯ್ರೆ, ಮೆಸೇಜಾ, ವ್ಯಾಕರಣವಾ?"

"ಎರಡೂ."

"ಹಾಗಾದ್ರೆ ಕೂತ್ಕೊಳ್ಳಿ. ಚಾ ಆಗುವಷ್ಟರಲ್ಲಿ ಒಂದನ್ನು ಬಿಡಿ."

ನಲವತ್ತು ವರ್ಷ ಮಕ್ಕಳ ಪ್ರಾಣ ತೆಗೆದು ಅಲ್ಪಪ್ರಾಣ, ಮಹಾಪ್ರಾಣಗಳನ್ನು ತಿದ್ದಿದವನು ನಾನು. ತಿಳಿದೂ ತಿಳಿದೂ ತಪ್ಪು ಬರೆಯುವುದೆಂದರೆ ಕೆಂಪು ಶಾಯಿಗೆ ದ್ರೋಹ. ಆದರೆ ಮಹಾಪ್ರಾಣವೆಂದರೆ ಕೊನೆಗೂ ಏನು? ಅಕ್ಷರದೊಳಗೆ ಊದಿದ ಒಂದಿಷ್ಟು ಹೆಚ್ಚಿನ ಉಸಿರು. ಅತ್ತ ಒಬ್ಬ ಗೆಳೆಯ ಗಂಟಲು ಕಟ್ಟಿ ಮಲಗಿರುವಾಗ, ಇತ್ತ ನಾನು ಒಂದು ಉಸಿರಿಗೆ ಜಿಪುಣತನ ಮಾಡಲೇ? ಎಚ್ ಒತ್ತಿದೆ. ಅದು ಸೋಲಲ್ಲ, ದಾನ ಎಂದು ಬಾಯಮ್ಮನಿಗೆ ಸ್ಪಷ್ಟಪಡಿಸಿದೆ. "ಆಯ್ತು, ಆಯ್ತು," ಎಂದು ಅವರು ಚಾ ಕೊಟ್ಟರು.

ಆ್ಯಪ್ ಇಳಿಯಿತು, ನನ್ನ ನಂಬರನ್ನು ಕೇಳಿ ಒಳಗೆ ಬಿಟ್ಟುಕೊಂಡಿತು. ಒಂದೊಂದೇ ಅಕ್ಷರ ಹೆಕ್ಕಿ ಬರೆದೆ: "ಶೆಟ್ಟರೇ, ಅಂತರ್ಜಾಲವೆಂಬ ಬಲೆಗೆ ನಾನೂ ಬಿದ್ದೆ. ನೀವು ಬಾಗಿಲು ಮುಚ್ಚಿದರೂ ಜಗಳ ನಿಲ್ಲದು. ನಿಮ್ಮ ಗಂಟಲಿಗೆ ರಜೆ, ನನ್ನ ಹಟಕ್ಕಿಲ್ಲ."

ಚಾ ಅರ್ಧ ಮುಗಿಯುವಷ್ಟರಲ್ಲಿ ಒಂದೇ ಪದದ ಉತ್ತರ ಬಂತು: "ಬಲೆ".

ನನ್ನದೇ ಪದವನ್ನು ನನಗೇ ಎಸೆದರಲ್ಲ! ಎಲ್ಲಿ ತಪ್ಪಿದೆನೆಂದು ಕನ್ನಡಕ ಒರೆಸಿ ನನ್ನ ವಾಕ್ಯವನ್ನು ಮೂರು ಬಾರಿ ಓದಿದೆ.

"ಎಂತ ಮಾಸ್ಟ್ರೇ, ತುಳು ಮರ್ತು ಹೋಯ್ತಾ?" ಬಾಯಮ್ಮ ನಕ್ಕರು. "ಬನ್ನಿ ಅಂತ ಕರೆದದ್ದು ಅವರು!"

ಹೌದಲ್ಲ! ಜಗಳಕ್ಕೆ ಕನ್ನಡ, ರಾಜಿಗೆ ತುಳು. ನಮ್ಮಿಬ್ಬರ ರೂಢಿಯೇ ಅದು. ಅರ್ಧ ಲೋಟ ಚಾ ಅಲ್ಲಿಯೇ ಬಿಟ್ಟು, ಆಸ್ಪತ್ರೆಗೆ ಹೋಗಲೆಂದು ಹಂಪನಕಟ್ಟೆಯ ಬಸ್ಸು ಹತ್ತಿದೆ.

ಟೈಪ್ ಮಾಡುತ್ತೇನೆಂದ ಸೊಸೆಗೂ, ಉಸಿರನ್ನೂ ಇಂಟರ್ನೆಟ್ಟನ್ನೂ ಹಂಚಿಕೊಂಡ ಲಿಲ್ಲಿ ಬಾಯಿಗೂ ಭಗವಂತನು ಆಯುರಾರೋಗ್ಯಗಳನ್ನು ಅನುಗ್ರಹಿಸಲಿ. ಶೆಟ್ಟರಿಗೆ ಧ್ವನಿ ಮರಳಲಿ; ನನ್ನನ್ನು ಒಪ್ಪುವುದಕ್ಕಲ್ಲ, ಕೆರೆಯ ದಂಡೆಯುದ್ದಕ್ಕೂ ಎದುರಿಸುವುದಕ್ಕೆ.