ದೊಡ್ಡಪ್ಪನ ಪಕ್ಕದ ಜಾಗ

ದೊಡ್ಡವ್ವ ತೀರಿಕೊಂಡ ದಿನ ನಾನು ಬೈಲಹೊಂಗಲದಿಂದ ಮುರಗೋಡ ತಲುಪುವಷ್ಟರಲ್ಲಿ ಅವಳನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಎಷ್ಟೋ ವರ್ಷ ಮರೆವಿನ ರೋಗದಲ್ಲಿ ಕರಗಿದ್ದ ಮುಖ ಅಂದು ಎಲ್ಲವನ್ನೂ ಬಲ್ಲವಳ ಮುಖದಂತೆ ಕಂಡಿತು. ನನಗೆ ಅಳು ಬರುವ ಮೊದಲೇ ಅವಳ ಮಗಳು, ನನ್ನ ತಂಗಿ, ಕೈ ಹಿಡಿದಳು.

'ಅಣ್ಣಾ, ಅಪ್ಪನ ಬಾಜೂಕ ಇಡೂದು. ಅವ್ವಗ ಮಾತು ಕೊಟ್ಟೇನಿ. ಜಾಗಾ ನೀನ ತೋರಸಬೇಕು. ಗೊತ್ತಿದ್ದಾವ ನೀ ಒಬ್ಬನ ಉಳದಿ.'

ದೊಡ್ಡವ್ವ ನನ್ನ ಅವ್ವನ ಅಕ್ಕ. ನಾನು ಅವರ ಮನೆಯಲ್ಲಿದ್ದುಕೊಂಡೇ ಶಾಲೆ ಕಲಿತವನು. ದೊಡ್ಡಪ್ಪ ಹೋದಾಗ ತಂಗಿ ಇನ್ನೂ ಕೂಸು. ನನಗೆ ಎಂಟೋ ಒಂಬತ್ತೋ. ಅವನನ್ನು ಹೂಲಿ ಕಡೆಯ ಹೊಲದಲ್ಲಿ ಕೂಡಿಸಿ ಮಣ್ಣು ಕೊಟ್ಟರು. ಗುರುತಿಗಿಟ್ಟ ಕಲ್ಲು ಹೊಲ ಸಮ ಮಾಡಿದ ವರ್ಷ ಟ್ರ್ಯಾಕ್ಟರಿಗೆ ಸಿಕ್ಕಿ ಎಲ್ಲಿಗೋ ಹೋಯಿತು. ಹತ್ತಿರದ ಬೇವಿನ ಮರವನ್ನೂ ಕಡಿದರು. ಆದರೂ ಆ ಜಾಗ ನನಗೆ ಗೊತ್ತು ಎಂದು ಮನೆಯವರಿಗೆಲ್ಲ ಹೇಳುತ್ತ ಬಂದಿದ್ದೆ. ಒದ್ದೆ ಎರೆಮಣ್ಣು ಅಂಗೈಗೆ ಅಂಟಿಕೊಂಡದ್ದು, ಕುಣಿಯೊಳಗೆ ದೊಡ್ಡಪ್ಪನ ತಲೆ ಒಂದು ಕಡೆ ವಾಲಿದ್ದು, ಎಲ್ಲ ಕಣ್ಣ ಮುಂದಿತ್ತು.

ರೋಗ ಬಲಿತ ಮೇಲೆ ಒಮ್ಮೆ ಇದನ್ನೇ ದೊಡ್ಡವ್ವನಿಗೆ ಹೇಳಿದ್ದೆ. ಮಗಳನ್ನೇ ಗುರುತು ಹಿಡಿಯದವಳು ನನ್ನನ್ನು ನೆಟ್ಟಗೆ ನೋಡಿ, 'ನೀ ಅವತ್ತ ಹೊಲಕ್ಕ ಬಂದಿರ್ಲೇ ಇಲ್ಲ. ಜ್ವರಾ ಬಂದು ಅಡಗೀಮನ್ಯಾಗ ಮಲಗಿದ್ದಿ' ಅಂದಿದ್ದಳು. ನಾನು ನಕ್ಕಿದ್ದೆ. ಅದೇ ಮಧ್ಯಾಹ್ನ ಅವಳು ಗಂಡ ಊಟಕ್ಕೆ ಬರುತ್ತಾನೆಂದು ತಾಟು ಹಾಕಿ ಕಾದಿದ್ದಳು. ಅಂಥವಳ ಮಾತನ್ನು ಯಾರು ನಂಬುತ್ತಾರೆ?

ಈಗ ಜಾಗ ತೋರಿಸಲು ಹೊಲದಲ್ಲಿ ನಿಂತಾಗ ಆ ಮಾತು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಯಾವ ಮಾತಿಗೂ ಪುರಾವೆ ಕೇಳಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನನ್ನ ನೆನಪಿಗೆ ಮಾತ್ರ ಎಂದೂ ಕೇಳಿರಲಿಲ್ಲ. ವಾಲಿದ ತಲೆಯನ್ನು ಕಂಡೆನೋ, ಯಾರೋ ಹೇಳಿದ್ದನ್ನು ಕೇಳಿ ಕಟ್ಟಿಕೊಂಡೆನೋ? ದೊಡ್ಡವ್ವನ ರೋಗವೂ ಇಂಥ ಖಾತ್ರಿಯಿಂದಲೇ ಶುರುವಾಗಿತ್ತು.

'ಗುದ್ದಲಿ ಎಲ್ಲಿ ಹಾಕೂಣ್ರಿ, ಸರ? ಹೊತ್ತ ಮುಣಗತೈತಿ' ಎಂದು ಕುಣಿ ತೋಡುವವನು ಕೇಳಿದ. ಒಂದು ಕಡೆ ಕೈ ತೋರಿಸಿದೆ. ಗುದ್ದಲಿ ಇಳಿದಾಗಲೆಲ್ಲ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಈಗ ಎಲುಬಿಗೆ ತಾಕುತ್ತದೆ, ಈಗ ತಾಕುತ್ತದೆ. ತಾಕಲಿಲ್ಲ. ಬರೀ ಗಟ್ಟಿ ಮಣ್ಣು. ಅದಕ್ಕೆ ಇನ್ನಷ್ಟು ಹೆದರಿದೆ. ದೊಡ್ಡಪ್ಪ ಒಂದು ಮೊಳ ಆಚೆ ಇದ್ದಾನೋ, ಹೊಲದ ಆ ತುದಿಯಲ್ಲಿದ್ದಾನೋ? ದೊಡ್ಡವ್ವನನ್ನು ಕೂಡಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಪತ್ರಿ ವಿಭೂತಿ ಹಾಕಿ ಮುಚ್ಚಿದರು. 'ಅಪ್ಪನ ಹತ್ರ ಹ್ವಾದಳು' ಎಂದು ತಂಗಿ ನನ್ನ ತೋಳಿಗೆ ಹಣೆ ಇಟ್ಟಳು.

ಎಲ್ಲ ಮುಗಿದ ಮೇಲೆ ರಾಮದುರ್ಗದಿಂದ ದೊಡ್ಡಪ್ಪನ ಗೆಳೆಯರೊಬ್ಬರು ಬಂದರು. ಅವರು ಬದುಕಿದ್ದಾರೆಂದೇ ನಮಗೆ ಗೊತ್ತಿರಲಿಲ್ಲ. ಅಂದು ಕುಣಿಗೆ ಇಳಿದು ದೊಡ್ಡಪ್ಪನನ್ನು ಕೂಡಿಸಿದವರು ತಾವೇ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಹೊಸ ಮಣ್ಣಿನ ದಿಬ್ಬ ನೋಡಿದರು, ಹೊಲದ ಆ ತುದಿಯ ಬಾವಿಯ ಕಡೆ ನೋಡಿದರು, ಮತ್ತೆ ದಿಬ್ಬ ನೋಡಿದರು. ಏನೋ ಹೇಳಲು ಬಾಯಿ ತೆರೆದರು.

ನಾನು ಅವಸರದಿಂದ ಹೋಗಿ ಅವರ ತೋಳು ಹಿಡಿದೆ. ದಣಿದಿದ್ದೀರಿ, ನೀರು ಕುಡಿಯಿರಿ ಎನ್ನುತ್ತ ತಂಗಿಯಿಂದ ದೂರ, ಬದುವಿನ ಕಡೆ ನಡೆಸಿಕೊಂಡು ಹೋದೆ.

'ಯಾಕ ಹಿಂಗ ನಡಗಾಕ ಹತ್ತೀಯೋ, ತಮ್ಮಾ?' ಅಂದರು ಅವರು.