ಕಲ್ಲುಪುಡಿಯ ನಡುವೆ ಊದಕ್ಕನ ಓದು

ಬೆಳಗಿನ ಐದೂವರೆ. ಕಲ್ಲು ಕೊರೆಯುವ ಶೆಡ್ಡಿನ ಗೇಟು ಅರ್ಧ ಮಾತ್ರ ತೆರೆದಿದೆ. ಪಕ್ಕದ ಕಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಮಹಿಳೆಯೊಬ್ಬರು ಬಿಳಿ ಪ್ಲಾಸ್ಟಿಕ್ ಕೊಳವೆಯೊಂದನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಾರೆ. ಒಳಗೆ ಹೋಗುವ ಪ್ರತಿಯೊಬ್ಬ ಕೆಲಸಗಾರನೂ ಅವರೆದುರು ನಿಂತು, ಎದೆ ತುಂಬ ಉಸಿರೆಳೆದು, ಕೊಳವೆಗೆ ಬಾಯಿಟ್ಟು ಒಮ್ಮೆ ಜೋರಾಗಿ ಊದಬೇಕು. ಉಸಿರಿನ ಬಲಕ್ಕೆ ಕೊಳವೆಯ ಮೇಲಿನ ಅಳತೆಯ ಮುಳ್ಳು ಎಲ್ಲಿಗೆ ಜಿಗಿಯಿತೆಂದು ನೋಡಿ ಅವರು ಬರೆದುಕೊಳ್ಳುತ್ತಾರೆ. ಹಾಗಾಗಿ ಈ ಬೀದಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಾಗಿಲ್ಲ. ಎಲ್ಲರಿಗೂ ಅವರು ಊದಕ್ಕ.

"ಏನಕ್ಕ, ಬೆಳಿಗ್ಗೆ ಬೆಳಿಗ್ಗೆ ನಮ್ಮ ಗಾಳಿ ತೆಗಿಯೋಕೆ ಬಂದ್ಯಾ?" ಎಂದು ಒಬ್ಬ ಕೀಟಲೆ ಮಾಡುತ್ತಾನೆ.

"ಇದ್ರೆ ತಾನೆ ತೆಗಿಯೋದು? ಊದು ಮೊದ್ಲು," ಎನ್ನುತ್ತಾರೆ ಊದಕ್ಕ. ಸಾಲಿನಲ್ಲಿ ನಿಂತವರು ಗೊಳ್ಳೆಂದು ನಗುತ್ತಾರೆ. ನಗು ಅರ್ಧಕ್ಕೇ ಕೆಮ್ಮಾಗುತ್ತದೆ.

ನರೆತ ಕೂದಲಿನ ಪಾಲಿಶ್ ಕೆಲಸಗಾರನ ಸರದಿ ಬರುತ್ತದೆ. ಮುಳ್ಳು ಇನ್ನೂರ ನಲವತ್ತರಲ್ಲೇ ನಿಲ್ಲುತ್ತದೆ. ಆರು ತಿಂಗಳ ಹಿಂದೆ ಅದೇ ಎದೆ ಅದನ್ನು ಮುನ್ನೂರ ಹತ್ತಕ್ಕೆ ದೂಡಿತ್ತು. "ನಾಳೆ ಆಸ್ಪತ್ರೆಗೆ ಬಾಪ್ಪ, ಎಕ್ಸ್‌ರೇ ತೆಗೆಸೋಣ," ಎನ್ನುತ್ತಾರೆ. "ಬಂದ್ರೆ ಒಳ್ಳೇ ಸುದ್ದಿ ಏನಾದ್ರೂ ಕೊಡ್ತೀಯಾ?" ಎಂದು ಅವನು ಕೇಳುತ್ತಾನೆ. ಊದಕ್ಕ ತಲೆ ತಗ್ಗಿಸಿ ಕೊಳವೆ ಒರೆಸತೊಡಗುತ್ತಾರೆ. ಈ ಕಲ್ಲಿನ ಪುಡಿ ಒಮ್ಮೆ ಶ್ವಾಸಕೋಶದೊಳಗೆ ಕೂತರೆ ಅದನ್ನು ತೆಗೆಯುವ ಔಷಧಿ ಎಲ್ಲಿಯೂ ಇಲ್ಲವೆಂದು ಇಬ್ಬರಿಗೂ ಗೊತ್ತು.

ನಲವತ್ತೇಳು ವರ್ಷದ ಊದಕ್ಕ ಇಲ್ಲಿನ ಸಣ್ಣ ಸರ್ಕಾರಿ ಆಸ್ಪತ್ರೆಯ ಆರೋಗ್ಯ ಕಾರ್ಯಕರ್ತೆ. ಹತ್ತೊಂಬತ್ತು ವರ್ಷದ ಸರ್ವಿಸು. ಹನ್ನೊಂದು ಶೆಡ್ಡು, ಆರು ಬೀದಿ, ಮುನ್ನೂರ ಎಂಬತ್ತು ಮನೆ ಅವರ ಪಾಲಿಗೆ. ದಿನಕ್ಕೆ ನಲವತ್ತು ಜನರ ಉಸಿರು ಅಳೆದು, ಇಪ್ಪತ್ತು ಮನೆ ಸುತ್ತಿ, ಮಧ್ಯಾಹ್ನ ಆಸ್ಪತ್ರೆಯ ಮೂಲೆಯ ಬೆಂಚಿನಲ್ಲಿ ಊಟದ ಡಬ್ಬಿ ಪಕ್ಕಕ್ಕಿಟ್ಟು ಪುಸ್ತಕ ತೆರೆಯುವುದನ್ನು ಅವರು ನಲವತ್ಮೂರನೇ ವಯಸ್ಸಿನಲ್ಲಿ ಶುರುಮಾಡಿದರು. ಓದಿದ್ದು ಆರೋಗ್ಯ ಸಂವರ್ಧನೆಯ ಸ್ನಾತಕೋತ್ತರ ಪದವಿಗೆ. ಕಾಯಿಲೆ ಬಂದ ಮೇಲೆ ವಾಸಿ ಮಾಡುವುದಲ್ಲ, ಬಾರದಂತೆ ಜನರ ಬದುಕನ್ನೇ ಹೇಗೆ ತಿದ್ದಬಹುದು ಎಂದು ಕಲಿಸುವ ಓದು. ವಾರಕ್ಕೆರಡು ದಿನ ಸಂಜೆ ತರಗತಿ. ಸಹಪಾಠಿಗಳಿಗೆಲ್ಲ ಅವರ ಅರ್ಧ ವಯಸ್ಸು. "ಮೊದಲನೇ ದಿನ ನನ್ನನ್ನೇ ಮೇಡಮ್ಮು ಅಂದ್ಕೊಂಡು ಎಲ್ರೂ ಎದ್ದು ನಿಂತ್ಬಿಟ್ರು. ಕೂತ್ಕೊಳ್ರಪ್ಪ, ನಾನೂ ನಿಮ್ ಥರಾನೇ ದಡ್ಡಿ ಅಂದೆ," ಎಂದು ನೆನೆದು ನಗುತ್ತಾರೆ.

ಓದಿಗೆ ಹಚ್ಚಿದ್ದು ಮಾತ್ರ ನಗುವ ಸಂಗತಿಯಲ್ಲ. ಅವರ ಅಣ್ಣ ಇಪ್ಪತ್ತೆರಡು ವರ್ಷ ಇದೇ ಬೀದಿಯಲ್ಲಿ ಕಲ್ಲು ಕೊರೆದವರು. 'ಮಾಸ್ಕ್ ಧರಿಸಿ, ಜೀವ ಉಳಿಸಿ' ಎಂಬ ಪೋಸ್ಟರನ್ನು ಊದಕ್ಕ ಅಣ್ಣನ ಯಂತ್ರದ ಎದುರಿಗೇ ಅಂಟಿಸಿದ್ದರು. ಅಣ್ಣ ಮಾಸ್ಕನ್ನು ಕೊರಳಿಗೆ ಇಳಿಬಿಟ್ಟುಕೊಂಡೇ ಓಡಾಡುತ್ತಿದ್ದರು. "ನಿನ್ ಪೋಸ್ಟರ್ ಚೆನ್ನಾಗಿದೆ ಕಣೇ. ಬರೆದೋರು ಒಂದಿನ ಇಲ್ಲಿ ನಿಂತಿದ್ರೆ ಇನ್ನೂ ಚೆನ್ನಾಗಿರ್ತಿತ್ತು," ಎನ್ನುತ್ತಿದ್ದರು. ತಂಗಿಗೆ ಮೈಯೆಲ್ಲ ಉರಿಯುತ್ತಿತ್ತು. ಮೊಂಡ, ಸೋಮಾರಿ, ಹೆಂಡತಿ ಮಕ್ಕಳ ಮೇಲೆ ಕರುಣೆ ಇಲ್ಲದವನು ಎಂದು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಐದು ವರ್ಷದ ಹಿಂದೆ ಅಣ್ಣ ತೀರಿಕೊಂಡರು. ಕೊನೆಯ ಎರಡು ತಿಂಗಳು ಮಲಗಲಾಗದೆ, ಮಂಚದ ಮೇಲೆ ದಿಂಬನ್ನು ಅಪ್ಪಿಕೊಂಡು ಕೂತೇ ಇದ್ದರು. ಆಗಲೂ ತಂಗಿಯ ಬಾಯಲ್ಲಿ ಒಂದೇ ಮಾತು: "ಹಾಕ್ಕೊಳ್ಳೋ ಅಂತ ಎಷ್ಟು ಸಲ ಹೇಳ್ದೆ?"

ಹೇಳಿದರೂ ಜನ ಯಾಕೆ ಕೇಳುವುದಿಲ್ಲ? ಈ ಪ್ರಶ್ನೆ ಹಿಡಿದೇ ಅವರು ತರಗತಿಗೆ ಹೋದರು, ಅದನ್ನೇ ಪ್ರಬಂಧದ ವಿಷಯವಾಗಿ ಆರಿಸಿಕೊಂಡರು. ಮೂವತ್ತೆಂಟು ಕೆಲಸಗಾರರನ್ನು ಹದಿನಾಲ್ಕು ತಿಂಗಳು ಮತ್ತೆ ಮತ್ತೆ ಮಾತಾಡಿಸಿದರು. ಜನರಿಗೆ ತಿಳಿವಳಿಕೆ ಸಾಲದು ಎಂದೇ ಅವರ ಎಣಿಕೆ. ಆದರೆ ಎಲ್ಲರದೂ ಒಂದೇ ಉತ್ತರ: "ಗೊತ್ತು ಕಣಕ್ಕ. ನೀನೇ ಹೇಳಿದ್ಯಲ್ಲ."

ಗೊತ್ತಿದ್ದೂ ಯಾಕೆ ಹಾಕುವುದಿಲ್ಲ ಎಂಬುದನ್ನು ತೋರಿಸಿಕೊಟ್ಟವನು ನಾಲ್ಕನೇ ಶೆಡ್ಡಿನ ಮೇಸ್ತ್ರಿ. ಒಂದು ಮಧ್ಯಾಹ್ನ ಅವರನ್ನು ಒಳಗೆ ಕರೆದು ಯಂತ್ರಗಳ ನಡುವೆ ನಿಲ್ಲಿಸಿದ. ಆರು ಬ್ಲೇಡು ಒಟ್ಟಿಗೆ ಕಲ್ಲು ಕೊರೆಯುತ್ತಿದ್ದವು. ಎರಡಡಿ ದೂರದಲ್ಲಿ ನಿಂತು ಮೇಸ್ತ್ರಿ ಏನೋ ಹೇಳಿದ. ಏನೂ ಕೇಳಿಸದಿದ್ದರೂ ತುಟಿ ನೋಡಿ ಊದಕ್ಕನಿಗೆ ಅರ್ಥವಾಯಿತು: 'ಹಿಂದೆ ಸರಿ.' ಆಮೇಲೆ ಅವನು ಮಾಸ್ಕ್ ಏರಿಸಿಕೊಂಡು ಮತ್ತೆ ಹೇಳಿದ. ಈಗ ಕಂಡದ್ದು ಬಟ್ಟೆ ಮಾತ್ರ. ಹೊರಗೆ ಬಂದ ಮೇಲೆ ಎರಡೇ ಬೆರಳು ಉಳಿದಿದ್ದ ಎಡಗೈಯನ್ನು ಮುಂದೆ ಚಾಚಿದ.

"ಚಪ್ಪಡಿ ಜಾರ್ತಿದೆ ಅಂತ ಅವತ್ತು ಎದುರಿಗಿದ್ದೋನು ಕೂಗಿದ್ನಂತೆ. ಮಾಸ್ಕ್ ಹಾಕಿದ್ದ. ನಂಗೆ ಹೇಗೆ ಗೊತ್ತಾಗ್ಬೇಕು? ಒಳಗೆ ನಾವು ಬಾಯಿ ನೋಡ್ಕೊಂಡೇ ಬದುಕೋದು ಕಣಮ್ಮ. ಪುಡಿ ಕೊಲ್ಲೋಕೆ ಹತ್ತು ವರ್ಷ ತಗೊಳ್ಳುತ್ತೆ. ಕಲ್ಲು ಅಷ್ಟೆಲ್ಲ ಕಾಯಲ್ಲ."

ಆ ಸಂಜೆ ಊದಕ್ಕ ತರಗತಿಗೆ ಹೋಗಲಿಲ್ಲ. ಅಣ್ಣ ಕೆಲಸ ಮಾಡಿದ ಶೆಡ್ಡಿನ ಹಿಂದಿನ ಗೋಡೆಗೆ ಒರಗಿ ಕತ್ತಲಾಗುವವರೆಗೂ ಕೂತಿದ್ದರು. "ಅಣ್ಣ ಸೋಮಾರಿ ಅಲ್ಲ, ಮೊಂಡನೂ ಅಲ್ಲ. ಎದುರಿಗಿರೋನ ಜೀವ ಕಾಯೋಕೆ ಬಾಯಿ ತೆರೆದಿಟ್ಕೊಂಡಿದ್ದ. ನಾನು ಸಾಯೋ ಮನುಷ್ಯನ್ನ ಕೂಡಾ ಬೈದೆ," ಎನ್ನುತ್ತಾರೆ. ಇದನ್ನು ಅವರು ಹೇಳುವುದು ಅಪರೂಪ. ಗಂಡನಿಗೆ ಹೇಳಲೂ ಒಂದು ವರ್ಷ ಹಿಡಿಯಿತಂತೆ.

ಪ್ರಬಂಧ ಮುಗಿಯುವ ಹೊತ್ತಿಗೆ ಮೂವತ್ತೆಂಟು ಜನರಲ್ಲಿ ಆರು ಮಂದಿ ಇರಲಿಲ್ಲ. ಮಾರ್ಗದರ್ಶಕ ಮೇಷ್ಟ್ರು ಒಳ್ಳೆಯವರೇ. ಆದರೆ ವಿಶ್ವವಿದ್ಯಾಲಯದ ನಮೂನೆಯಲ್ಲಿ ಇಂಥವರಿಗೆ ಇರುವುದು ಒಂದೇ ಕಾಲಮ್ಮು: 'ಸಂಪರ್ಕಕ್ಕೆ ಸಿಗದವರು'. ಅಲ್ಲಿ ಆರು ಎಂದು ಬರೆದರೆ ಮುಗಿಯಿತು, ಎಲ್ಲರೂ ಹಾಗೇ ಬರೆಯುವುದು ಎಂದರು ಮೇಷ್ಟ್ರು.

"ಸಿಗದೆ ಏನು ಸರ್? ಆರೂ ಜನರ ಮಣ್ಣಿಗೆ ನಾನೇ ಹೋಗಿ ಬಂದಿದ್ದೀನಿ. ಎಲ್ಲಿದ್ದಾರೆ ಅಂತ ನಂಗೊತ್ತು," ಎಂದರು ಊದಕ್ಕ.

ಅವರು ಪಟ್ಟು ಬಿಡಲಿಲ್ಲ. ಮರಣ ಪತ್ರಗಳನ್ನು ಹುಡುಕಿ ತೆಗೆದರು. ಐದರಲ್ಲಿ ಕಾರಣ 'ಹೃದಯ ಸ್ತಂಭನ' ಎಂದಿತ್ತು. ("ಹೃದಯ ನಿಂತೇ ತಾನೆ ಎಲ್ರೂ ಸಾಯೋದು? ಯಾಕೆ ನಿಲ್ತು ಅಂತ ಬರೀಬೇಕಲ್ವಾ?") ಆರೂ ಜನರ ಕೆಲಸದ ವರ್ಷ, ಕೊನೆಯ ಬಾರಿ ಊದಿದಾಗ ಬಂದ ಅಂಕಿ, ಎಕ್ಸ್‌ರೇ ಹೇಳಿದ್ದು, ಎಲ್ಲ ಸೇರಿಸಿ ಬೇರೆಯೇ ಅಧ್ಯಾಯ ಬರೆದರು. ನಮೂನೆಗೆ ಹೊಂದುವುದಿಲ್ಲವೆಂದು ಪ್ರಬಂಧ ವಾಪಸ್ಸಾಯಿತು. ಒಂದು ಪರೀಕ್ಷೆಯ ಅವಧಿ ಕೈತಪ್ಪಿತು. ತಿದ್ದುವುದರ ಬದಲು ಎರಡು ಪುಟದ ವಿವರಣೆ ಸೇರಿಸಿ ಅದನ್ನೇ ಮತ್ತೆ ಕೊಟ್ಟರು. ಎರಡು ವರ್ಷದ ಓದು ಮೂರೂವರೆ ವರ್ಷ ಎಳೆಯಿತು. ಕಳೆದ ತಿಂಗಳು ಫಲಿತಾಂಶ ಬಂತು: ಎರಡನೇ ದರ್ಜೆ.

ಪದವಿಯಿಂದ ಬಡ್ತಿಯೇನೂ ಸಿಕ್ಕಿಲ್ಲ. ಅದೇ ಚೀಲ, ಅದೇ ಸುತ್ತು. ಮಾಸ್ಕಿಗಿಂತ ಮೊದಲು ಬ್ಲೇಡಿನ ಮೇಲೆ ನೀರು ಬಿಟ್ಟರೆ ಪುಡಿಯೇ ಏಳುವುದಿಲ್ಲ ಎಂದು ಅವರು ಇಲಾಖೆಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಬಂದದ್ದು ಐನೂರು ಹೊಸ ಪೋಸ್ಟರಿನ ಕಟ್ಟು. 'ಮಾಸ್ಕ್ ಧರಿಸಿ, ಜೀವ ಉಳಿಸಿ.' ಅಂಟಿಸುವುದು ಅವರ ಕೆಲಸ, ಅಂಟಿಸಿದ್ದಾರೆ.

ಹನ್ನೊಂದು ಶೆಡ್ಡಿನ ಮಾಲೀಕರ ಮುಂದೆಯೂ ಪ್ರಬಂಧ ಹಿಡಿದು ನಿಂತದ್ದಾಯಿತು. ಒದ್ದೆ ಕಲ್ಲು ಒಣಗಲು ಒಂದು ದಿನ ದಂಡ ಎಂದು ಹತ್ತು ಮಂದಿ ಒಪ್ಪಲಿಲ್ಲ. ನಾಲ್ಕನೇ ಶೆಡ್ಡಿನಲ್ಲಿ ಮಾತ್ರ ಮೇಸ್ತ್ರಿ ಮಾಲೀಕರೆದುರು ಹಠ ಹಿಡಿದು ಕೂತ. ಮೂರು ವಾರದಿಂದ ಅಲ್ಲಿ ಆರೂ ಬ್ಲೇಡಿನ ಮೇಲೆ ನೀರು ಬೀಳುತ್ತಿದೆ.

ಆ ಶೆಡ್ಡಿಗೆ ಊದಕ್ಕ ಕಾಲಿಡುತ್ತಲೇ ದೂರುಗಳ ಸುರಿಮಳೆ. ಮೊಣಕಾಲಿನವರೆಗೆ ಕೆಸರು, ಬೆರಳ ಸಂದಿಯೆಲ್ಲ ಹುಣ್ಣು, ಮೈಯೆಲ್ಲ ಚಳಿ. "ನಿನ್ನ ಓದು ಹಾಳಾಗ! ಕಾಲು ಕೊಳೀತಾ ಇದೆ ನೋಡು!" ಎಂದು ಒಬ್ಬ ರೇಗುತ್ತಾನೆ. ಅವರು ಕೆಳಗೆ ಕೂತು ಅವನ ಪಾದವನ್ನು ಕೈಗೆತ್ತಿಕೊಂಡು, ಬೆರಳು ಬಿಡಿಸಿ ನೋಡಿ, ಮುಲಾಮು ಹಚ್ಚುತ್ತಾರೆ. ಅವನ ಬೈಗುಳ ಇನ್ನೂ ನಿಂತಿಲ್ಲ.

ಹೊರಗೆ ಬಂದು ಕೈ ತೊಳೆಯುತ್ತ ಹೇಳುತ್ತಾರೆ: "ಕಾಲಿಗಾದ್ರೆ ಮುಲಾಮಿದೆ. ಇನ್ನು ಹತ್ತು ವರ್ಷ ಆದ್ಮೇಲೂ ಇವ್ರು ಹೀಗೇ ದನಿ ಎತ್ತಿ, ನಡುವೆ ಎಲ್ಲೂ ನಿಲ್ಲಿಸ್ದೆ, ಒಂದೇ ಉಸಿರಲ್ಲಿ ನನ್ನ ಬೈಬೇಕು. ಅಷ್ಟಾದ್ರೆ ಸಾಕು ನಂಗೆ."